ಮಳೆಗಾಲದ ಚಿಟ್ಟೆ, ಬೇಸಿಗೆಯ ಚಿಟ್ಟೆ: ಎರಡು ಪ್ರಭೇದಗಳೇ?

ತೀರ್ಥಹಳ್ಳಿಯ ತೋಟದಲ್ಲಿ ಮಳೆಗಾಲಕ್ಕೆ ರೆಕ್ಕೆಯಂಚಿನಲ್ಲಿ ಕಣ್ಣಿನಂಥ ಚುಕ್ಕೆಗಳಿರುವ ಕಂದು ಚಿಟ್ಟೆ, ಬೇಸಿಗೆಗೆ ಚುಕ್ಕೆಯೇ ಕಾಣದ, ತರಗೆಲೆಯಂಥ ಚಿಟ್ಟೆ. ಒಂದು ಪ್ರಭೇದ ಎರಡಾಗುತ್ತಿದೆಯೇ ಎಂದು ಕೇಳಿದ್ದೀರಿ. ಇಲ್ಲ. ವರ್ಣನೆ ನೋಡಿದರೆ ಅದು ಮುಸ್ಸಂಜೆಗೆ ಹಾರುವ ಮೆಲಾನೈಟಿಸ್ ಲೆಡಾ. ಅದರ ಮರಿಹುಳು ಭತ್ತ ಮತ್ತು ಹುಲ್ಲಿನ ಎಲೆ ತಿಂದು ಬೆಳೆಯುತ್ತದೆ. ಆಗಿನ ಹವೆಯೇ ಯಾವ ರೂಪ ಹೊರಬರಬೇಕೆಂದು ನಿರ್ಧರಿಸುತ್ತದೆ. ಎರಡೂ ವೇಷಕ್ಕೆ ವಂಶವಾಹಿಗಳು ಅವೇ. ಫಿನೋಟೈಪಿಕ್ ಪ್ಲಾಸ್ಟಿಸಿಟಿ ಎನ್ನುವುದು ಇದನ್ನೇ.

ಪ್ರಭೇದ ಒಡೆಯುವುದು ಬೇರೆ ಕಥೆ. ಘಟ್ಟದ ಆಳ ಕಣಿವೆಯೊಂದು ಕಪ್ಪೆಗಳ ಗುಂಪನ್ನು ಇಬ್ಭಾಗಿಸಿತು ಎನ್ನಿ. ಎರಡೂ ಕಡೆ ಬೇರೆ ಬೇರೆ ಉತ್ಪರಿವರ್ತನೆಗಳು, ಅಂದರೆ ವಂಶವಾಹಿಗಳಲ್ಲಾಗುವ ಬದಲಾವಣೆಗಳು, ಸೇರುತ್ತ ಹೋಗುತ್ತವೆ. ಆಯಾ ಗುಂಪಿನೊಳಗೆ ಅವುಗಳಿಂದ ತೊಂದರೆಯಿಲ್ಲ. ಮುಂದೆಂದೋ ಮಿಶ್ರತಳಿ ಹುಟ್ಟಿದಾಗ, ಅದುವರೆಗೆ ಒಂದೇ ದೇಹದಲ್ಲಿ ಕೆಲಸ ಮಾಡಿಯೇ ಇರದ ವಂಶವಾಹಿಗಳು ಮುಖಾಮುಖಿಯಾಗುತ್ತವೆ. ಡಾಬ್‌ಜಾನ್‌ಸ್ಕಿ ಮತ್ತು ಮುಲ್ಲರ್ ಎಂಬ ತಳಿವಿಜ್ಞಾನಿಗಳು ವಿವರಿಸಿದ್ದು ಈ ಹೊಂದಾಣಿಕೆಯ ಕೊರತೆಯನ್ನು. ಡ್ರೊಸೊಫಿಲಾ ಮೆಲಾನೊಗ್ಯಾಸ್ಟರ್ ಎಂಬ ಹಣ್ಣುನೊಣದ ಎಚ್‌ಎಂಆರ್ ವಂಶವಾಹಿಯೂ ಅದರ ಸೋದರ ಪ್ರಭೇದ ಸಿಮ್ಯುಲನ್ಸ್‌ನ ಎಲ್‌ಎಚ್‌ಆರ್ ವಂಶವಾಹಿಯೂ ಕೂಡಿದರೆ ಮಿಶ್ರತಳಿಯ ಗಂಡುಗಳು ಸಾಯುತ್ತವೆ.

ಹಾಗೆಂದು ಪ್ಲಾಸ್ಟಿಸಿಟಿಗೂ ವಿಕಾಸಕ್ಕೂ ನಂಟೇ ಇಲ್ಲವೆನ್ನಬೇಡಿ. ಜೀವವಿಜ್ಞಾನಿ ವಾಡಿಂಗ್ಟನ್ 1953ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ಯೂಪಾ (ಹುಳು ನೊಣವಾಗುವ ಮುನ್ನಿನ ಗೂಡಿನ ಹಂತ) ಇದ್ದಾಗ ಶಾಖ ತಗುಲಿ ಹೊರಬಂದ ಕೆಲವು ಹಣ್ಣುನೊಣಗಳ ರೆಕ್ಕೆಯಲ್ಲಿ ಅಡ್ಡನರ ಇರಲಿಲ್ಲ. ಅಂಥವನ್ನೇ ಆರಿಸಿ ಹಲವು ತಲೆಮಾರು ತಳಿ ಬೆಳೆಸಿದ ಮೇಲೆ ಶಾಖವಿಲ್ಲದೆಯೂ ಆ ಗುಣ ಕಾಣಿಸಿಕೊಂಡಿತು. ಬದುಕಿನಲ್ಲಿ ಗಳಿಸಿದ ಗುಣ ಸಂತತಿಗೆ ಹೋಗುತ್ತದೆ ಎಂದಿದ್ದ ಲಾಮಾರ್ಕ್ ಗೆದ್ದರೆಂದು ಕುಣಿಯುವ ಹಾಗಿಲ್ಲ. ಮೊದಲೇ ಅಡಗಿದ್ದ ವಂಶವಾಹಿ ವ್ಯತ್ಯಾಸಗಳು ಆಯ್ಕೆಯಿಂದ ಒಟ್ಟುಗೂಡಿದವು, ಅಷ್ಟೆ.