‘ಅದು ಬಿಡಿ’ ಅಂದ ಮಾತಲ್ಲೇ ಇತ್ತು ರೋಗ

ಪ್ರಶ್ನೆ: ಸಾರ್, ನಮ್ಮದು ಮಂಡ್ಯದಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ. ಏಳೆಂಟು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಕಂಪ್ಯೂಟರ್. ನುಡಿ, ಕೋರೆಲ್ ಎಲ್ಲ ಚೆನ್ನಾಗಿ ಓಡುತ್ತವೆ. ಒಂದು ತಿಂಗಳಿಂದ ಅದರಲ್ಲಿ ವಾಟ್ಸ್‌ಆ್ಯಪ್ ಮಾತ್ರ ಲಿಂಕ್ ಆಗುತ್ತಿಲ್ಲ. ಕ್ಯೂಆರ್ ಕೋಡ್ ಬರಬೇಕಾದ ಜಾಗದಲ್ಲಿ ಬರೀ ಚಕ್ರ ಸುತ್ತುತ್ತದೆ. ಅದೇ ವೈಫೈನಲ್ಲಿ ಫೋನ್ ಸರಿಯಾಗಿದೆ. ಆ್ಯಪ್ ಮೂರು ಸಲ ತೆಗೆದು ಮತ್ತೆ ಹಾಕಿದೆ. ಬೆಳಿಗ್ಗೆ ಅಂಗಡಿ ತೆಗೆದು ಮೇನ್ ಸ್ವಿಚ್ ಹಾಕಿದಾಗ ಕಪ್ಪು ಪರದೆ ಬಂದು ಎಫ್1 ಒತ್ತಿ ಅನ್ನುತ್ತೆ, ಒತ್ತಿದರೆ ಸರಿಹೋಗುತ್ತೆ, ಅದು ಬಿಡಿ. ರಿಪೇರಿಯವರು ಮದರ್‌ಬೋರ್ಡೇ ಬದಲಾಯಿಸಬೇಕು ಅಂತಾರೆ. ಮುಹೂರ್ತದ ಕಾಲ, ಪ್ರೂಫ್ ಕಳಿಸೋದೇ ಕಷ್ಟ ಆಗಿದೆ.

ಉತ್ತರ: ಅದು ಬಿಡಿ ಅಂದಿರಲ್ಲ, ಅದನ್ನೇ ಹಿಡಿಯಬೇಕು. ಮದರ್‌ಬೋರ್ಡಿಗೆ ಸದ್ಯ ದುಡ್ಡು ಹಾಕಬೇಡಿ. ಈಗಲೇ ಪರದೆಯ ಬಲಗಡೆ ಕೆಳಮೂಲೆ ನೋಡಿ. ತಾರೀಖು ಯಾವುದಿದೆ? ಬರೀ ಗಂಟೆ ನೋಡಬೇಡಿ, ಇಸವಿ ನೋಡಿ. ಈ ತಿಂಗಳು ಮಾಡಿದ ಪತ್ರಿಕೆಗಳ ಫೈಲುಗಳು ಯಾವುದೋ ಹಳೇ ವರ್ಷದ ತಾರೀಖು ಹೊತ್ತುಕೊಂಡು ಫೋಲ್ಡರಿನ ತಳದಲ್ಲಿ ಕೂತಿದ್ದರೆ ನನ್ನ ಊಹೆ ಸರಿ.

ನಾನೂ ಇದರಲ್ಲಿ ಒಮ್ಮೆ ಮಂಗ ಆಗಿದ್ದೇನೆ. ಮೈಸೂರಿನಲ್ಲಿ ಅಸೆಂಬಲ್ ಮಾಡಿಕೊಡುತ್ತಿದ್ದ ಕಾಲ. ಒಬ್ಬರ ಸಿಸ್ಟಮ್‌ನಲ್ಲಿ ಮೇಲ್ ತೆರೆಯುತ್ತಿಲ್ಲ ಅಂತ ಎರಡು ಸಲ ವಿಂಡೋಸ್ ಹಾಕಿದೆ. ಆಮೇಲೆ ಅವರ ಸ್ಕೂಲ್ ಹುಡುಗಿ ಬಂದು, ‘ಅಂಕಲ್, ಇದರಲ್ಲಿ ಇನ್ನೂ ಹಳೇ ವರ್ಷವೇ ಇದೆಯಲ್ಲ’ ಅಂದಳು. ಆವತ್ತು ರಿಪೇರಿ ಕಾಸು ಕೇಳೋಕೆ ಬಾಯಿ ಬರಲಿಲ್ಲ.

ವಾಟ್ಸ್‌ಆ್ಯಪ್ ಸರ್ವರ್ ಜೊತೆ ಮಾತಾಡುವ ಮುಂಚೆ ನಿಮ್ಮ ಕಂಪ್ಯೂಟರ್ ಅದರ ಸರ್ಟಿಫಿಕೇಟ್, ಅಂದರೆ ಗುರುತಿನ ಚೀಟಿ, ಕೇಳಿ ನೋಡುತ್ತದೆ. ಅದರಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ’ ಅಂತ ಇರುತ್ತದೆ. ನಿಮ್ಮ ಗಡಿಯಾರ ವರ್ಷಗಟ್ಟಲೆ ಹಿಂದಿದ್ದರೆ, ‘ಇದಿನ್ನೂ ಶುರುವೇ ಆಗಿಲ್ಲ’ ಅಂತ ನಿಮ್ಮ ಕಂಪ್ಯೂಟರೇ ಬಾಗಿಲು ಹಾಕಿಕೊಳ್ಳುತ್ತದೆ. ಕ್ರೋಮ್ ಆದರೆ ‘ಯುವರ್ ಕ್ಲಾಕ್ ಈಸ್ ಬಿಹೈಂಡ್’ ಅಂತ ಬಾಯಿ ಬಿಟ್ಟು ಹೇಳುತ್ತದೆ. ಆ್ಯಪ್ ಸುಮ್ನೆ ಚಕ್ರ ತಿರುಗಿಸುತ್ತದೆ. ಫೋನ್ ನೆಟ್‌ವರ್ಕ್‌ನಿಂದಲೇ ಟೈಮ್ ತೆಗೆದುಕೊಳ್ಳುತ್ತದೆ, ಅದಕ್ಕೆ ಅದು ಸರಿಯಾಗಿದೆ.

ಗಡಿಯಾರ ಹಿಂದೆ ಹೋಗುವುದು ಯಾಕೆ? ಮದರ್‌ಬೋರ್ಡ್ ಮೇಲೆ ರೂಪಾಯಿ ಬಿಲ್ಲೆಯಂಥ ಒಂದು ಸೆಲ್ ಇದೆ. ಸಿಆರ್2032 ಅಂತಾರೆ. 20 ಮಿಲಿಮೀಟರ್ ಅಗಲ, 3.2 ದಪ್ಪ, ಅಳತೆ ಹೆಸರಲ್ಲೇ ಇದೆ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ, ಕಂಪ್ಯೂಟರ್ ಆಫ್ ಆಗಿದ್ದರೂ ಗಡಿಯಾರ ಆ ಕರೆಂಟಿನಲ್ಲೇ ಓಡುತ್ತದೆ. ನೀವು ರಾತ್ರಿ ಮೇನ್ ಸ್ವಿಚ್ ಆರಿಸಿದರೆ ಸೆಲ್ಲೇ ಗತಿ. ಸೆಲ್ ಸತ್ತಿದ್ದರೆ ಗಡಿಯಾರ ಹಿಂದೆ ಹೋಗುತ್ತದೆ, ಬೆಳಿಗ್ಗೆ ಎಫ್1 ಕೇಳುವುದೂ ಅದಕ್ಕೇ. 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿಸಿದ ಜಿಲ್ಲೆಯವರು ಕರೆಂಟಿಗೆ ಹೆದರುತ್ತೀರಲ್ಲ! ತಮಾಷೆಗೆ ಹೇಳಿದೆ. ಕಾಗದ ತುಂಬಿದ ಅಂಗಡಿ, ಆರಿಸುವುದೇ ಒಳ್ಳೆಯದು.

ಸೆಲ್ ತನ್ನಿ. ಸಿಆರ್2025, ಸಿಆರ್2016 ಅಂತ ತೆಳುವಾದವೂ ಇವೆ, ಅಂಗಡಿಯವರು ‘ಎಲ್ಲಾ ಒಂದೇ’ ಅಂದರೆ ಒಪ್ಪಬೇಡಿ. ಕಂಪ್ಯೂಟರ್ ಆಫ್ ಮಾಡಿ ವೈರ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಪಕ್ಕದ ಮುಚ್ಚಳ ತೆಗೆದು, ಕೇಸಿನ ಕಬ್ಬಿಣ ಒಮ್ಮೆ ಮುಟ್ಟಿ. ಸೆಲ್ ಪಕ್ಕ ಸಣ್ಣ ಕೊಂಡಿ ಇರುತ್ತದೆ, ಉಗುರಿನಲ್ಲಿ ಆ ಕಡೆ ತಳ್ಳಿದರೆ ಸೆಲ್ ಎದ್ದು ಬರುತ್ತದೆ. ಹೊಸದನ್ನು ಅಕ್ಷರ ಮತ್ತು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ. ಹಳೆಯದನ್ನು ಮೇಜಿನ ಮೇಲೆ ಬಿಡಬೇಡಿ. ಮಕ್ಕಳು ನುಂಗಿದರೆ ಒಳಗೆ ಸುಟ್ಟುಬಿಡುತ್ತದೆ.

ಆನ್ ಮಾಡಿದಾಗ ಇನ್ನೊಂದೇ ಸಲ ಎಫ್1 ಕೇಳಬಹುದು. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ಬರುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ, ತಾರೀಖು, ಟೈಮ್ ಹಾಕಿ ಸೇವ್ ಮಾಡಿ. ವಿಂಡೋಸ್‌ನಲ್ಲಿ ಟೈಮ್ ಝೋನ್ ಭಾರತದ +5:30ರದ್ದೇ ಇದೆಯಾ ನೋಡಿ. ಅಸೆಂಬಲ್ ಮಾಡುವವರು ಅಮೆರಿಕದ್ದನ್ನೇ ಬಿಟ್ಟಿರುವುದು ಜಾಸ್ತಿ. ‘ವಿಂಡೋಸ್ ತಾನಾಗಿ ಸರಿ ಮಾಡಿಕೊಳ್ಳಲ್ವಾ?’ ಅಂತ ಕೇಳಬಹುದು. ಮಾಡಿಕೊಳ್ಳುತ್ತದೆ, ಆದರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ 15 ಗಂಟೆಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮುಟ್ಟುವುದಿಲ್ಲ. ಮೊದಲು ಕೈಯಲ್ಲಿ ಸರಿ ಮಾಡಿ, ಆಮೇಲೆ ‘ಸಿಂಕ್ ನೌ’ ಒತ್ತಿ.

ಇನ್ನು ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ಸ್ಕ್ಯಾನ್ ಮಾಡಿ. ಫೋನ್ ಬಿಟ್ಟು ನಾಲ್ಕು ಡಿವೈಸ್‌ಗಷ್ಟೇ ಜಾಗ. ಹಳೆಯವು ತುಂಬಿಕೊಂಡಿದ್ದರೆ ಒಂದನ್ನು ಲಾಗ್ಔಟ್ ಮಾಡಿ.

ಆ ರಾತ್ರಿ ಮೇನ್ ಸ್ವಿಚ್ ಆರಿಸಿಯೇ ಹೋಗಿ. ಬೆಳಿಗ್ಗೆ ತಾರೀಖು ಸರಿಯಿದ್ದೂ ಚಕ್ರವೇ ಸುತ್ತಿದರೆ, ಫೋನಿನ ಹಾಟ್‌ಸ್ಪಾಟ್ ಕೊಟ್ಟು ನೋಡಿ. ಅದರಲ್ಲೂ ಆಗದಿದ್ದರೆ ಪರದೆಯ ಫೋಟೊ ತೆಗೆದು ಕಳಿಸಿ. ಈ ಸಲ ಯಾವುದನ್ನೂ ‘ಅದು ಬಿಡಿ’ ಅನ್ನಬೇಡಿ.