ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಉದ್ಯಾನದ ಶಿಲ್ಪಕ್ಕೆ ನೀರು, ಗಾಳಿ, ತುಕ್ಕಿನ ಕಾಟ

ಪ್ರಶ್ನೆ: ನಮ್ಮ ಪಟ್ಟಣದ ಉದ್ಯಾನದಲ್ಲಿ ಕಂಬಿ, ಜಾಲರಿ ಕಟ್ಟಿ ಸಿಮೆಂಟ್ ಗಾರೆ ಮೆತ್ತಿ ಮಾಡಿದ ದೊಡ್ಡ ತಾವರೆ ಇದೆ. ಎಂಟು ವರ್ಷವಾಯಿತು. ದಳಗಳ ಅಂಚು ಬಿರುಕು ಬಿಟ್ಟು ಕಂದು ನೀರು ಇಳಿಯುತ್ತಿದೆ. ಪ್ರತಿ ವರ್ಷ ಬಣ್ಣ ಹೊಡೆಸಿದರೂ ಮತ್ತೆ ಅದೇ ಪಾಡು. ಏನು ಮಾಡಬೇಕು?
– ಉದ್ಯಾನ ಸಮಿತಿಯ ಕಾರ್ಯದರ್ಶಿ

ಉತ್ತರ: ಮೊದಲು ಬಣ್ಣ ಹೊಡೆಸುವುದನ್ನು ನಿಲ್ಲಿಸಿ. ಬಿರುಕಿನ ಮೇಲೆ ದಪ್ಪ ಬಣ್ಣ ಬಳಿದರೆ ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ತುಕ್ಕು ಇನ್ನೂ ಬೇಗ ಹಬ್ಬುತ್ತದೆ.

ಬಿರುಕನ್ನು ಹತ್ತಿರದಿಂದ ನೋಡಿ. ಜೇಡರ ಬಲೆಯಂತೆ ಎಲ್ಲ ದಿಕ್ಕಿಗೂ ಹರಡಿದ ಕೂದಲೆಳೆ ಬಿರುಕಾದರೆ, ಗಾರೆ ಮೆತ್ತಿದಾಗ ಬೇಗ ಒಣಗಿದ್ದರ ಫಲ ಅದು; ಹೆಚ್ಚು ಅಪಾಯವಿಲ್ಲ. ಗೆರೆ ಎಳೆದಂತೆ ನೇರವಾಗಿ, ಒಳಗಿನ ಸರಳಿನ ಗುಂಟ ಹೋಗಿದ್ದರೆ ಅದು ತುಕ್ಕಿನ ಬಿರುಕು. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಗಾರೆ 'ಟಣ್' ಎನ್ನುತ್ತದೆ, ಸರಳಿನಿಂದ ಬಿಟ್ಟುಕೊಂಡದ್ದು 'ಡಬ್' ಎನ್ನುತ್ತದೆ. ಡಬ್ ಎಂದ ಜಾಗಕ್ಕೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಬಿರುಕು ಕಾಣದ ಕಡೆಯೂ ಹೀಗೆ ಸದ್ದು ಬರುವುದುಂಟು.

ಕಾರಣ ಇಷ್ಟು. ಹೊಸ ಸಿಮೆಂಟ್ ಗಾರೆಯ ಕ್ಷಾರಗುಣ ಕಬ್ಬಿಣವನ್ನು ಕಾಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಒಳಗಿಳಿದಂತೆ ಆ ಗುಣ ಕುಗ್ಗುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಗಾತ್ರಕ್ಕಿಂತ ಎರಡರಿಂದ ಆರು ಪಟ್ಟು ಉಬ್ಬಿ ಗಾರೆಯನ್ನು ಒಳಗಿನಿಂದ ಸೀಳುತ್ತದೆ. ದಳ ನಾಜೂಕಾಗಿ ಕಾಣಲೆಂದು ಅಂಚನ್ನು ತೆಳ್ಳಗೆ ಮಾಡಿರುತ್ತಾರಾದ್ದರಿಂದ ಸರಳಿನ ಮೇಲೆ ಅಲ್ಲಿ ಅರ್ಧ ಅಂಗುಲ ಗಾರೆಯೂ ಇರುವುದಿಲ್ಲ. ಹಾಗಾಗಿ ಅಂಚೇ ಮೊದಲು ಸೋಲುವುದು.

ದುರಸ್ತಿಗೆ ಸಡಿಲ ಗಾರೆಯನ್ನು ಪೂರ್ತಿ ಕೆತ್ತಿ ತೆಗೆಯಿರಿ. ಸರಳಿನ ಹಿಂಬದಿಯಲ್ಲೂ ಸುಮಾರು 2 ಸೆಂ.ಮೀ. ಬಿಡಿಸಬೇಕು. ತುಕ್ಕು ನಿಂತ ಕಡೆಯಿಂದ ಮುಂದಕ್ಕೆ ಇನ್ನೂ 5 ಸೆಂ.ಮೀ. ಕೆತ್ತಿ, ಶುದ್ಧ ಕಬ್ಬಿಣ ಕಂಡ ಮೇಲೇ ನಿಲ್ಲಿಸಿ. ಹೆಚ್ಚಿನ ದುರಸ್ತಿಗಳು ಕೆಡುವುದು ಇಲ್ಲಿಯೇ: ಮುಂಭಾಗ ಮಾತ್ರ ಕೆರೆದು ಮುಚ್ಚಿರುತ್ತಾರೆ, ಹಿಂಬದಿಯ ತುಕ್ಕು ಹಾಗೇ ಉಳಿದಿರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಸತುವಿನ ಪ್ರೈಮರ್ ಹಚ್ಚಿ. ತೂಕದಲ್ಲಿ ಸಿಮೆಂಟ್ 1, ಮರಳು 2ರಿಂದ 2.5 ಪಾಲು. ನೀರು ಸಿಮೆಂಟಿನ ತೂಕದ ಶೇ. 40ನ್ನು ದಾಟದಿರಲಿ. ಹಳೆಯದಕ್ಕೆ ಹೊಸದು ಅಂಟಲು ಎಸ್‌ಬಿಆರ್ ಲ್ಯಾಟೆಕ್ಸ್ (ಹಾಲಿನಂಥ ಕೃತಕ ರಬ್ಬರ್ ದ್ರವ) ಬೆರೆಸಿದ ಸಿಮೆಂಟ್ ತಿಳಿ ಬಳಿದು, ಅದು ಹಸಿಯಿರುವಾಗಲೇ ಗಾರೆಯನ್ನು ಒತ್ತಿ ತುಂಬಿ. ಬರೀ ಸಿಮೆಂಟ್ ಗಾರೆಯಾದರೆ ಕನಿಷ್ಠ 7 ದಿನ ಒದ್ದೆಯಾಗಿಡಿ, 14 ದಿನವಾದರೆ ಇನ್ನೂ ಒಳ್ಳೆಯದು. ಗಾರೆಗೂ ಲ್ಯಾಟೆಕ್ಸ್ ಬೆರೆಸಿದ್ದರೆ ಒಂದೆರಡು ದಿನ ಒದ್ದೆ ಸಾಕು, ಆಮೇಲೆ ಗಾಳಿಗೆ ಒಣಗಬೇಕು.

ಇಷ್ಟೆಲ್ಲ ಮಾಡಿಯೂ ಹೂವಿನ ಬಟ್ಟಲಲ್ಲಿ ನೀರು ನಿಲ್ಲುತ್ತಿದ್ದರೆ ಕೆಲಸ ವ್ಯರ್ಥ. ಹೂವು, ಎಲೆ, ಚಿಪ್ಪು ಯಾವುದನ್ನೇ ಶಿಲ್ಪವಾಗಿಸಿದರೂ ಅದು ನೀರು ಹಿಡಿಯುವ ಪಾತ್ರೆಯೇ ಆಗುತ್ತದೆ. ನಿಜವಾದ ದಳ ಕೆಲವೇ ದಿನಗಳಲ್ಲಿ ಉದುರುತ್ತದೆ, ನಿಮ್ಮದು ದಶಕಗಟ್ಟಲೆ ನಿಲ್ಲಬೇಕು. ಬಟ್ಟಲಿನ ಅತಿ ತಗ್ಗಿನ ಜಾಗದಿಂದ 25 ಮಿ.ಮೀ. ಪೈಪ್ ಕೆಳಕ್ಕೆ ಬಿಡಿ. ಪ್ರತಿ 50 ಸೆಂ.ಮೀ.ಗೆ 1 ಸೆಂ.ಮೀ. ಇಳಿಜಾರು ಕೊಡಿ. ದಳದ ಅಂಚಿನ ಕೆಳಗೆ ಬೆರಳಗಲದ ತೋಡು ಕೊರೆದರೆ ನೀರು ಒಳಕ್ಕೆ ಹರಿಯದೆ ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಒಣ ಎಲೆ ಕಟ್ಟಿ ಪೈಪ್ ಮುಚ್ಚದಂತೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಕೈಹಾಕಿ ನೋಡಲೇಬೇಕು.

ಪ್ರಶ್ನೆ: ಸೂರ್ಯಕಾಂತಿಯ ನಡುಭಾಗದಂತೆ 400 ಲೋಹದ ಗುಬ್ಬಿಗಳನ್ನು (ದುಂಡು ಗುಂಡಿಗಳನ್ನು) ಒಂದು ತಟ್ಟೆಯ ಮೇಲೆ ಕೂರಿಸಬೇಕು. ಕಣ್ಣಳತೆಯಲ್ಲಿ ಎಷ್ಟು ಪ್ರಯತ್ನಿಸಿದರೂ ಆ ಸುರುಳಿ ಬರುತ್ತಿಲ್ಲ.
– ಕಲಾ ಶಿಕ್ಷಕಿ

ಉತ್ತರ: ಕಣ್ಣಳತೆ ಇಲ್ಲಿ ನಡೆಯದು, ಲೆಕ್ಕ ಬಹಳ ಸುಲಭ. ಒಂದೊಂದು ಗುಬ್ಬಿಯೂ ಹಿಂದಿನದಕ್ಕಿಂತ 137.508 ಡಿಗ್ರಿ ತಿರುಗಿ ಕೂರಬೇಕು. ಕೇಂದ್ರದಿಂದ ಅದರ ದೂರ, ಕ್ರಮಸಂಖ್ಯೆಯ ವರ್ಗಮೂಲವನ್ನು ಒಂದು ಸ್ಥಿರ ಅಳತೆಯಿಂದ ಗುಣಿಸಿದಷ್ಟು. ಆ ಅಳತೆ 4 ಸೆಂ.ಮೀ. ಎಂದಿಟ್ಟುಕೊಳ್ಳಿ. 100ನೆಯ ಗುಬ್ಬಿ 40 ಸೆಂ.ಮೀ. ದೂರದಲ್ಲಿ, 400ನೆಯದು 80 ಸೆಂ.ಮೀ. ದೂರದಲ್ಲಿ ಬರುತ್ತದೆ, ತಟ್ಟೆಯ ವ್ಯಾಸ 1.6 ಮೀಟರಿಗಿಂತ ತುಸು ಹೆಚ್ಚಿರಬೇಕು. ಅಂಚಿನ ಕಡೆ ಸುರುಳಿಗಳನ್ನು ಎಣಿಸಿದರೆ ಒಂದು ದಿಕ್ಕಿಗೆ 34, ಇನ್ನೊಂದು ದಿಕ್ಕಿಗೆ 55 ಸಿಗುತ್ತವೆ. ಅಷ್ಟು ಸಿಕ್ಕರೆ ಗುರುತು ಸರಿಯಾಗಿದೆ ಎಂದೇ ಅರ್ಥ.

ತಪ್ಪುವುದು ಎರಡು ಕಡೆ. ಹಿಂದಿನ ಗುಬ್ಬಿಯಿಂದ ಮುಂದಿನದಕ್ಕೆ ಕೋನ ಅಳೆಯುತ್ತಾ ಹೋದರೆ ಸಣ್ಣ ತಪ್ಪುಗಳು ಕೂಡಿಕೊಂಡು ನೂರನೆಯದರ ಹೊತ್ತಿಗೆ ವಿನ್ಯಾಸವೇ ಕೆಡುತ್ತದೆ. ಕ್ರಮಸಂಖ್ಯೆಯನ್ನು 137.508ರಿಂದ ಗುಣಿಸಿ, 360ರಿಂದ ಭಾಗಿಸಿ, ಉಳಿದ ಶೇಷವನ್ನು ಪ್ರತಿ ಸಲವೂ ಅದೇ ಸೊನ್ನೆ ಗೆರೆಯಿಂದ ಅಳೆಯಿರಿ. ಎರಡನೆಯದು, ಅನುಕೂಲಕ್ಕೆಂದು ಕೋನವನ್ನು 135ಕ್ಕೆ ಇಳಿಸುವುದು. ಹಾಗೆ ಮಾಡಿದರೆ ಎಲ್ಲ ಗುಬ್ಬಿಗಳೂ ಗಾಡಿಚಕ್ರದ ಅರೆಗಳಂತೆ ಎಂಟು ನೇರ ಸಾಲಾಗಿ ನಿಲ್ಲುತ್ತವೆ, ನಡುವೆ ಖಾಲಿ ಜಾಗ. ಆ ಎರಡೂವರೆ ಡಿಗ್ರಿಯಲ್ಲೇ ಹೂವಿನ ಚೆಲುವೆಲ್ಲ ಇದೆ!

ಪ್ರಶ್ನೆ: 4 ಮೀಟರ್ ಎತ್ತರದಲ್ಲಿ, 3 ಚದರ ಮೀಟರ್ ಅಗಲದ ಉಕ್ಕಿನ ಎಲೆಯನ್ನು ಒಂದೇ ಕಂಬದ ಮೇಲೆ ನಿಲ್ಲಿಸಬೇಕೆಂದಿದ್ದೇವೆ. ಅಡಿಪಾಯ ಎಷ್ಟಿರಬೇಕು?
– ಒಬ್ಬ ಓದುಗ

ಉತ್ತರ: ಎಲೆಯ ತೂಕಕ್ಕಿಂತ ಅದಕ್ಕೆ ಬಡಿಯುವ ಗಾಳಿಯ ಚಿಂತೆ ಮಾಡಿ. ಸೆಕೆಂಡಿಗೆ 40 ಮೀಟರ್ ಬಿರುಗಾಳಿ ಎಂದುಕೊಂಡರೆ, ವೇಗದ ವರ್ಗವನ್ನು 0.6ರಿಂದ ಗುಣಿಸಿದಾಗ ಚದರ ಮೀಟರಿಗೆ 960 ನ್ಯೂಟನ್ ಒತ್ತಡ. ಹಲಗೆಯಂಥ ಆಕಾರಕ್ಕೆ ಕಾಲುಭಾಗ ಕೂಡಿಸಿ. 3 ಚದರ ಮೀಟರಿಗೆ 3,600 ನ್ಯೂಟನ್, ಅಂದರೆ ಸುಮಾರು 370 ಕೆ.ಜಿ. ಎಲೆಯನ್ನು ಅಡ್ಡಕ್ಕೆ ತಳ್ಳಿದ ಹಾಗೆ. 1.6 ಮೀಟರ್ ಉದ್ದ, ಅಷ್ಟೇ ಅಗಲ, 0.6 ಮೀಟರ್ ಆಳದ ಕಾಂಕ್ರೀಟ್ ಪಾದ ಸುಮಾರು 3.7 ಟನ್ ತೂಗುತ್ತದೆ. ಬುಡ ಮಗುಚದಂತೆ ಒಂದೂವರೆ ಪಟ್ಟಿಗೂ ಹೆಚ್ಚು ರಕ್ಷಣೆ ಸಿಗುತ್ತದೆ. ಇದು ಅಂದಾಜು ಮಾತ್ರ. ನಿಮ್ಮ ಊರಿನ ಗಾಳಿಯ ವೇಗ, ಮಣ್ಣಿನ ಗಟ್ಟಿತನ ನೋಡಿ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕದೆ ಗುಂಡಿ ತೋಡಬೇಡಿ. ಬ್ಯೂನಸ್ ಐರಿಸ್‌ನಲ್ಲಿ 2002ರಲ್ಲಿ ನಿಂತ, ಎಡ್ವಾರ್ಡೊ ಕತಲಾನೊ ರೂಪಿಸಿದ 'ಫ್ಲೊರಾಲಿಸ್ ಹೆನೆರಿಕಾ' ಎಂಬ ಬೃಹತ್ ಲೋಹದ ಹೂವಿನ ಒಂದು ದಳವನ್ನೇ 2023ರ ಡಿಸೆಂಬರ್‌ನ ಬಿರುಗಾಳಿ ಕಿತ್ತುಹಾಕಿತು.

ಕಂಬ ಟೊಳ್ಳಾಗಿದ್ದರೆ ಬುಡದಲ್ಲಿ 12 ಮಿ.ಮೀ. ರಂಧ್ರವೊಂದನ್ನು ಮರೆಯಬೇಡಿ. ಒಳಗೆ ತೇವ ಹನಿಗಟ್ಟಿ, ನೀರು ಸೇರಿ, ಹೊರಗಿನ ಬಣ್ಣ ಫಳಫಳ ಎನ್ನುತ್ತಿರುವಾಗಲೇ ಬುಡ ಒಳಗಿನಿಂದ ಕರಗಿರುತ್ತದೆ.

ಪ್ರಶ್ನೆ: ಬಳ್ಳಿಯಂಥ ಶಿಲ್ಪದ ಸಂದುಗಳಲ್ಲಿ ಮಕ್ಕಳು ತೂರುತ್ತಾರೆ. ಸಂದು ಎಷ್ಟಿರಬೇಕು?
– ಒಬ್ಬ ತಾಯಿ

ಉತ್ತರ: ನಿಮ್ಮ ಆತಂಕ ಸರಿಯಾದದ್ದೇ. ಆಟದ ಮೈದಾನಗಳ ಸುರಕ್ಷತಾ ಮಾನದಂಡಗಳ ಪ್ರಕಾರ 89 ಮಿ.ಮೀ.ಗಿಂತ ಕಿರಿದಾದ ಸಂದಿನಲ್ಲಿ ಮಗುವಿನ ಮೈ ತೂರದು, 230 ಮಿ.ಮೀ.ಗಿಂತ ಅಗಲವಾದರೆ ತಲೆಯೂ ಸಲೀಸಾಗಿ ಹೊರಬರುತ್ತದೆ. ಇವೆರಡರ ನಡುವಿನ ಅಳತೆಯೇ ಅಪಾಯ: ಕಾಲು ಮುಂದಾಗಿ ಮೈ ಇಳಿಯುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಕೆಳಕ್ಕೆ ಹೋದಂತೆ ಕಿರಿದಾಗುವ ಕವಲುಗಳನ್ನೂ ಬಿಡಬೇಡಿ. ಅಂಗಿಯ ಕುತ್ತಿಗೆಪಟ್ಟಿ, ದಾರ ಸಿಕ್ಕುವುದು ಅಲ್ಲೇ. ಆ ಕವಲಿನ ಕೆಳಮೂಲೆಯನ್ನು ಗಾರೆಯಿಂದಲೋ ಲೋಹದ ತುಂಡಿನಿಂದಲೋ ದುಂಡಗೆ ತುಂಬಿಸಿ.