ಮಾರ್ಟಿನ್ಸ್‌ವಿಲ್ ರೇಸಿಗೆ ಮೊದಲ ಸಲ ಹೋಗ್ತಿದ್ದೀನಿ: ಪಿಟ್ ಸ್ಟಾಪ್ ಚೆನ್ನಾಗಿ ಕಾಣುವ ಸೀಟು ಯಾವುದು? ಯಾವ ಡ್ರೈವರ್‌ಗೆ ಸಪೋರ್ಟ್ ಮಾಡಲಿ? ಟ್ರಾಫಿಕ್ ತಪ್ಪಿಸಲು ಎಷ್ಟು ಲ್ಯಾಪ್ ಇರುವಾಗ ಏಳಬೇಕು?

ನಿಮ್ಮ ಮೂರನೇ ಪ್ರಶ್ನೆ ಓದಿ ಹೊಟ್ಟೆಯಲ್ಲಿ ಚುರುಕ್ ಎಂದಿತು. ನಾನು ಮೂರು ಲ್ಯಾಪ್ ಇರುವಾಗ ಎದ್ದೆ. 2022ರ ಅಕ್ಟೋಬರ್ 30, ಭಾನುವಾರ. ನಾಸ್ಕಾರ್ (ಅಮೆರಿಕದ ಸ್ಟಾಕ್ ಕಾರ್ ರೇಸ್) ನೋಡುವವರ ಮುಂದೆ ಈ ತಾರೀಖು ಹೇಳಿದರೆ ಸಾಕು, ಹೆಗಲ ಮೇಲೆ ಕೈ ಹಾಕಿ ಸಮಾಧಾನ ಹೇಳುತ್ತಾರೆ. ನೀವು ಹೊಸಬರು, ಹಾಗಾಗಿ ಪೂರ್ತಿ ಹೇಳುತ್ತೇನೆ. ಸೀಟಿನ ವಿಷಯ ನಡುವೆ ಎಲ್ಲಾದರೂ ಬರುತ್ತದೆ.

ನಾವಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಅಲ್ಲಿಂದ ವರ್ಜೀನಿಯಾ ಗಡಿ ದಾಟಿ ಮಾರ್ಟಿನ್ಸ್‌ವಿಲ್‌ಗೆ ಎರಡು ಗಂಟೆ ಚಿಲ್ಲರೆ. ನಾನೂ ನಿಮ್ಮ ಹಾಗೆ ಫಾರ್ಮುಲಾ ಒನ್ ನೋಡಿ ಬೆಳೆದವನು. ಎಡಕ್ಕೆ ತಿರುಗುವುದು ಬಿಟ್ಟು ಇವರಿಗೆ ಬೇರೇನು ಬರುತ್ತದೆ ಎಂಬ ಕೊಬ್ಬು ನನಗೂ ಇತ್ತು. ರೇಸಿನ ಹುಚ್ಚು ಹತ್ತಿದ್ದು ಮಗನಿಗೆ. ಆಗ ಅವನಿಗೆ ಹನ್ನೊಂದು ವರ್ಷ. ಅವನ ಹೀರೋ ರಾಸ್ ಚಾಸ್ಟೇನ್, ಒಂದನೇ ನಂಬರ್ ಕಾರು. ಕಾರಣ ಕೇಳಿದರೆ ನಗುತ್ತೀರಿ: ಚಾಸ್ಟೇನ್ ಫ್ಲೋರಿಡಾದ ಕಲ್ಲಂಗಡಿ ಬೆಳೆಗಾರರ ಮನೆಯವನು, ಗೆದ್ದಾಗಲೆಲ್ಲ ಕಾರಿನ ಮೇಲೆ ಹತ್ತಿ ಒಂದು ಕಲ್ಲಂಗಡಿಯನ್ನು ಟ್ರ್ಯಾಕ್ ಮೇಲೆ ಎತ್ತಿ ಒಗೆಯುತ್ತಾನೆ. ಹನ್ನೊಂದರ ಹುಡುಗನಿಗೆ ಇನ್ನೇನು ಬೇಕು?

ಟ್ರ್ಯಾಕ್ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ಸುತ್ತು 0.526 ಮೈಲಿ. ಆಕಾರ ಪೇಪರ್ ಕ್ಲಿಪ್‌ನದು: ಎರಡು ಉದ್ದನೆ ನೇರ ದಾರಿ, ತುದಿಗಳಲ್ಲಿ ಎರಡೆರಡು ಇಕ್ಕಟ್ಟಾದ ತಿರುವು. ನೇರಕ್ಕೆ ಡಾಂಬರು, ತಿರುವಿಗೆ ಕಾಂಕ್ರೀಟು. 1947ರಿಂದ ಇದೆ, ನಾಸ್ಕಾರ್‌ನ ಈಗಿನ ಕಪ್ ಸರಣಿಯ ಮೊದಲ ಸೀಸನ್ 1949ರಿಂದ ಇವತ್ತಿನವರೆಗೂ ಪಟ್ಟಿಯಲ್ಲಿ ಉಳಿದಿರುವುದು ಇದೊಂದೇ. ಗೆದ್ದವನಿಗೆ ಕಪ್ ಬದಲು ಆಳೆತ್ತರದ ಲೋಲಕದ ಗಡಿಯಾರ ಕೊಡುತ್ತಾರೆ, 1964ರಿಂದ ಅದೇ ಪದ್ಧತಿ. ಹಳೆಯ ಕಾಲದ ಹೆಸರಾಂತ ಡ್ರೈವರ್ ರಿಚರ್ಡ್ ಪೆಟಿ ಇಲ್ಲಿ 15 ಸಲ ಗೆದ್ದಿದ್ದಾರೆ. ಒಂದು ಲ್ಯಾಪಿಗೆ ಇಪ್ಪತ್ತು ಸೆಕೆಂಡು, ಚೂರು ಹೆಚ್ಚು. ಈ ಇಪ್ಪತ್ತು ಸೆಕೆಂಡನ್ನು ನೆನಪಿಟ್ಟುಕೊಳ್ಳಿ, ನನ್ನ ಮಾನ ಹೋದದ್ದು ಅದರಲ್ಲೇ.

ನಮ್ಮ ಪಕ್ಕದಲ್ಲಿ ಒಬ್ಬರು ವಯಸ್ಸಾದ ಗಂಡ ಹೆಂಡತಿ. ಇಬ್ಬರ ಕುತ್ತಿಗೆಯಲ್ಲೂ ತಂಡಗಳ ರೇಡಿಯೋ ಮಾತು ಕೇಳಿಸುವ ಸ್ಕ್ಯಾನರ್, ಕಿವಿಗೆ ದಪ್ಪ ಹೆಡ್‌ಫೋನ್. ನಾನು ಮೂಡುಬಿದಿರೆ ಕಡೆಯವನು. ಕಂಬಳದ ಕರೆಯ (ಕೋಣ ಓಡುವ ಕೆಸರು ಗದ್ದೆಯ) ಬದಿಯಲ್ಲಿ ಯಾವ ಕೋಣ ಯಾರ ಮನೆಯದು, ಓಡಿಸುವವನ ಕಾಲು ಹೇಗಿದೆ, ಹಗ್ಗ ಹಿರಿಯ ವಿಭಾಗದಲ್ಲಿ ಹೋದ ವರ್ಷ ಯಾರು ಎಲ್ಲಿ ಮುಗ್ಗರಿಸಿದರು ಎಂದು ರಾತ್ರಿಯಿಡೀ ಕೊರೆಯುವ ಅಜ್ಜಂದಿರನ್ನು ನೋಡಿದ್ದೇನೆ. ಇವರು ಥೇಟ್ ಅವರೇ. ವ್ಯತ್ಯಾಸ ಇಷ್ಟೇ, ಎಲೆ ಅಡಿಕೆ ಬದಲು ಕೈಯಲ್ಲಿ ಗುಲಾಬಿ ಬಣ್ಣದ ಹಾಟ್ ಡಾಗ್. (ಅದೂ ಇಲ್ಲಿಯ ಸಂಪ್ರದಾಯ. ಚಿಲ್ಲಿ, ಕೋಸಿನ ಸ್ಲಾ, ಈರುಳ್ಳಿ, ಸಾಸಿವೆ ಎಲ್ಲ ಹಾಕಿಸಿಕೊಳ್ಳಿ. ಬಣ್ಣ ನೋಡಿ ಹೆದರಬೇಡಿ.)

ಡ್ರೈವರ್ ಡೆನಿ ಹ್ಯಾಮ್ಲಿನ್ ವರ್ಜೀನಿಯಾದವನೇ, ಆದರೂ ಅಜ್ಜಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನ ಹನ್ನೊಂದನೇ ನಂಬರ್ ಕಾರು ಮುಂದೆ ಹಾದಾಗಲೆಲ್ಲ ಕೈ ಒದರುತ್ತಿದ್ದರು. ಅಜ್ಜ ಮಾತ್ರ ಡ್ರೈವರ್‌ಗಳ ಬಗ್ಗೆ ಹೆಚ್ಚು ಮಾತಾಡಲೇ ಇಲ್ಲ. ಅವರ ಕಣ್ಣೆಲ್ಲ ಕಾರಿಗೆ ಟೈರ್ ಬದಲಿಸಿ ಪೆಟ್ರೋಲ್ ತುಂಬುವ ಪಿಟ್ ಮೇಲೆ. ಟ್ರ್ಯಾಕ್‌ನಲ್ಲಿ ಅಪಾಯವಿದೆ, ಎಲ್ಲರೂ ನಿಧಾನವಾಗಿ ಎಂದು ತೋರಿಸುವ ಹಳದಿ ಬಾವುಟ ಮೊದಲ ಸಲ ಬಂದಾಗ ಎಲ್ಲ ಕಾರುಗಳೂ ಸಾಲಾಗಿ ಒಳಗೆ ನುಗ್ಗಿದವು. ನನ್ನ ಭುಜ ತಟ್ಟಿ ಒಂದೇ ಒಂದು ಕಾರಿನ ಕಡೆ ಬೆರಳು ತೋರಿಸಿದರು: ಅದನ್ನು ಮಾತ್ರ ನೋಡು.

ನೋಡಿದೆ. ಫಾರ್ಮುಲಾ ಒನ್‌ನಲ್ಲಿ ಇಪ್ಪತ್ತು ಜನ ಮುತ್ತಿಕೊಂಡು ಎರಡು ಸೆಕೆಂಡಿನಲ್ಲಿ ಮುಗಿಸುತ್ತಾರಲ್ಲ, ಇಲ್ಲಿ ಗೋಡೆ ಹಾರುವವರು ಐದೇ ಜನ. ಇಬ್ಬರು ಚಕ್ರ ಬಿಚ್ಚುವವರು, ಒಬ್ಬ ಟೈರ್ ಹೊರುವವನು, ಒಬ್ಬ ಜ್ಯಾಕ್‌ನವನು, ಒಬ್ಬ ಪೆಟ್ರೋಲ್ ಕ್ಯಾನಿನವನು. ಕಾರು ನಿಲ್ಲುವಷ್ಟರಲ್ಲೇ ಜ್ಯಾಕ್‌ನವನು ಅದರ ಮೂತಿ ಸುತ್ತಿ ಆ ಕಡೆ ಓಡಿರುತ್ತಾನೆ. ಜ್ಯಾಕ್ ಒಳಗೆ ತಳ್ಳಿ ಮೈಭಾರ ಹಾಕುತ್ತಾನೆ, ಬಲಗಡೆ ಇಡೀ ಮೇಲೇಳುತ್ತದೆ. ನಟ್ ಬಿಚ್ಚುವ ಗನ್ನಿನ ಕಿರ್ರ್ ಸದ್ದು ಬರುತ್ತದೆ, ಹಳೆ ಚಕ್ರ ಹೊರಗೆ, ಹೊಸದು ಒಳಗೆ. ಮತ್ತೆ ಎಲ್ಲರೂ ಎಡಗಡೆಗೆ ಓಟ. ಅಷ್ಟೂ ಹೊತ್ತು ಪೆಟ್ರೋಲ್‌ನವನು ಹಿಂಬದಿಗೆ ಅಂಟಿಕೊಂಡು ನಿಂತಿರುತ್ತಾನೆ. ಎಡಗಡೆ ಜ್ಯಾಕ್ ಇಳಿದದ್ದೇ ಡ್ರೈವರ್‌ಗೆ ಸಿಗ್ನಲ್, ಅದು ನೆಲ ಮುಟ್ಟುವ ಮುಂಚೆಯೇ ಹಿಂದಿನ ಚಕ್ರ ತಿರುಗುತ್ತಿರುತ್ತದೆ. ಎಲ್ಲ ಸೇರಿ ಹತ್ತು ಸೆಕೆಂಡಿನ ಆಸುಪಾಸು. ಮೊದಲು ಒಂದೊಂದು ಚಕ್ರಕ್ಕೆ ಐದು ನಟ್ ಇರುತ್ತಿದ್ದವು, 2022ರ ಹೊಸ ಕಾರಿನಿಂದ ಒಂದೇ.

ಅರ್ಧ ಮೈಲಿ ಟ್ರ್ಯಾಕ್‌ನಲ್ಲಿ ಇದಕ್ಕೆ ಯಾಕಿಷ್ಟು ಬೆಲೆ ಎಂದರೆ, ರೇಸ್ ಓಡುತ್ತಿರುವಾಗಲೇ ಟೈರ್‌ಗೆ ಒಳಗೆ ಬಂದರೆ ಎದ್ದು ಬರುವಷ್ಟರಲ್ಲಿ ಎರಡು ಸುತ್ತು ಹಿಂದೆ ಬಿದ್ದಿರುತ್ತೀರಿ. ಪಿಟ್ ರಸ್ತೆಯಲ್ಲಿ ಗಂಟೆಗೆ 30 ಮೈಲಿ ಮಿತಿ. ರಸ್ತೆಯೂ ಉದ್ದ: ಮೂರನೇ ತಿರುವಿನಲ್ಲಿ ಶುರುವಾಗಿ ಎರಡನೇ ತಿರುವಿನಲ್ಲಿ ಮುಗಿಯುತ್ತದೆ. ಹಾಗಾಗಿ ಯಾರೂ ಬರಲ್ಲ, ಹಳದಿ ಬಾವುಟಕ್ಕೆ ಕಾಯುತ್ತಾರೆ, ಬಂದಾಗ ಎಲ್ಲರೂ ಒಟ್ಟಿಗೆ ಬರುತ್ತಾರೆ. ಟ್ರ್ಯಾಕ್ ಮೇಲೆ ಐವತ್ತು ಸುತ್ತು ಒದ್ದಾಡಿ ಗಳಿಸಿದ ಎರಡು ಸ್ಥಾನ ಇಲ್ಲಿ ಅರ್ಧ ಸೆಕೆಂಡಿನಲ್ಲಿ ಹೋಗುತ್ತದೆ. ಕಾರಿನಲ್ಲಿ ಸ್ಪೀಡೋಮೀಟರೂ ಇಲ್ಲ. ಎಂಜಿನ್ ತಿರುಗುವ ಲೆಕ್ಕ ನೋಡಿಯೇ ಮಿತಿ ಕಾಯ್ದುಕೊಳ್ಳಬೇಕು. ಸ್ವಲ್ಪ ಮೀರಿದರೂ ಸಾಲಿನ ತುದಿಗೆ.

ಅಜ್ಜ 2020ರ ಕಥೆ ಹೇಳಿದ್ದು ಆಗಲೇ. ಚೇಸ್ ಎಲಿಯಟ್ ಎಂಬ ಡ್ರೈವರ್‌ಗೆ ಅವತ್ತು ಇಲ್ಲಿ ಗೆಲ್ಲದೆ ಸೀಸನ್ನಿನ ಫೈನಲ್‌ಗೆ ದಾರಿಯಿರಲಿಲ್ಲ. ಪಿಟ್‌ಗೆ ಬರುವಾಗ ಅವನ ಜ್ಯಾಕ್‌ನವನು ಒಂದು ಕ್ಷಣ ಮುಂಚೆ ಗೋಡೆ ಹಾರಿಬಿಟ್ಟ. ದಂಡ ಖಂಡಿತ ಅನ್ನುವಷ್ಟರಲ್ಲಿ ಅವನಿಗೇ ಹೊಳೆದು, ವಾಪಸ್ ಓಡಿ ಗೋಡೆ ಮುಟ್ಟಿ ಮತ್ತೆ ಬಂದ. ಸ್ಥಾನ ಹೋಯಿತು, ದಂಡ ತಪ್ಪಿತು. ಎಲಿಯಟ್ ಅವತ್ತು ಗೆದ್ದ, ಮುಂದಿನ ವಾರ ಚಾಂಪಿಯನ್ ಆದ. ಇದನ್ನು ಹೇಳುವಾಗ ಅಜ್ಜ ತಮ್ಮ ಮುಂದಿದ್ದ ಕಬ್ಬಿಣದ ಸರಳನ್ನು ಬೆರಳಿನಿಂದ ಹಾಗೇ ಮುಟ್ಟಿ ತೋರಿಸಿದರು. ನನ್ನ ಮಟ್ಟಿಗೆ ಆ ಮಧ್ಯಾಹ್ನ ಅಲ್ಲಿಗೇ ವಸೂಲಾಗಿತ್ತು.

ಇಲ್ಲಿಗೆ ನಿಮ್ಮ ಮೊದಲ ಎರಡು ಪ್ರಶ್ನೆಗೆ ನನ್ನ ಉತ್ತರ ಗೊತ್ತಾಗಿರಬೇಕು. ಪಿಟ್ ಕಾಣುವ ಸೀಟು ಅಂತ ಹುಡುಕುವುದೇ ತಪ್ಪು. ಕೆಳಗಿನ ಸಾಲಿನಲ್ಲಿ ಕೂತರೆ ಎದುರಿಗಿರುವ ಎರಡು ಮೂರು ತಂಡ ಕಾಣುತ್ತವೆ, ಉಳಿದದ್ದು ಬೇಲಿ ಮತ್ತು ರಬ್ಬರ್ ಪುಡಿ. ಆದಷ್ಟು ಮೇಲಿನ ಸಾಲು ತಗೊಳ್ಳಿ, ಉಳಿದ ದುಡ್ಡಲ್ಲಿ ಸ್ಕ್ಯಾನರ್ ಬಾಡಿಗೆಗೆ ತಗೊಳ್ಳಿ. ಡ್ರೈವರ್, ತಂಡ ನಡೆಸುವ ಕ್ರೂ ಚೀಫ್, ಮೇಲೆ ನಿಂತು ದಾರಿ ಹೇಳುವ ಸ್ಪಾಟರ್ ಮೂವರೂ ಬೈದಾಡಿಕೊಳ್ಳುವುದು ನೇರ ಕಿವಿಗೆ ಬೀಳುತ್ತದೆ. ಡ್ರೈವರ್‌ನನ್ನು ಈಗಲೇ ಆರಿಸಿಕೊಳ್ಳಬೇಡಿ. ಹತ್ತು ಹದಿನೈದನೇ ಸ್ಥಾನದಲ್ಲಿ ಓಡುತ್ತಿರುವ ಯಾವುದಾದರೂ ಕಾರು ಹಿಡಿದು, ಅವರ ಚಾನೆಲ್ ಹಾಕಿಕೊಂಡು ನೂರು ಲ್ಯಾಪ್ ಕೇಳಿ. ಮುಂದೆ ಓಡುವವನ ರೇಡಿಯೋದಲ್ಲಿ ಏನೂ ಇರಲ್ಲ, ಕಷ್ಟವೆಲ್ಲ ನಡುವೆ ಇರುವವನದು.

ಈಗ ನನ್ನ ಪುರಾಣ.

ಅವತ್ತು ಫೈನಲ್‌ಗೆ ನಾಲ್ವರನ್ನು ಆರಿಸುವ ರೇಸು, 500 ಲ್ಯಾಪ್. ಕೊನೆಯ ಹಳದಿಯಲ್ಲಿ ಮುಂದಿದ್ದವರು ಹೊಸ ಟೈರಿಗೆ ಒಳಗೆ ಹೋದರು. ಚೇಸ್ ಬ್ರಿಸ್ಕೊ ಹಳೆ ಟೈರಿನಲ್ಲೇ ಹೊರಗೆ ಉಳಿದು ಮುಂಚೂಣಿ ಹಿಡಿದ. ಇದು ಸರಿಯೋ ತಪ್ಪೋ ಎಂದು ನಮ್ಮ ಸಾಲಿನಲ್ಲಿ ದೊಡ್ಡ ಚರ್ಚೆ. ಗೆಲ್ಲಲೇಬೇಕಾದವನು ಇನ್ನೇನು ಮಾಡಿಯಾನು ಎಂದು ಅಜ್ಜಿ. ಈ ಕಾಂಕ್ರೀಟಿನ ಮೇಲೆ ಹಳೆ ಟೈರ್ ನಿಲ್ಲಲ್ಲ ಎಂದು ಅಜ್ಜ. ಅಜ್ಜನ ಮಾತೇ ನಡೆಯಿತು. ಐದು ಲ್ಯಾಪ್ ಇರುವಾಗ ಹೊಸ ಟೈರಿನ ಕ್ರಿಸ್ಟೋಫರ್ ಬೆಲ್ ಮುಂದೆ ಹೋದ.

ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಬೇರೆ. ದೀಪಾವಳಿಯ ಮರು ಭಾನುವಾರ, ಕ್ಯಾರಿಯಲ್ಲಿ ಸ್ನೇಹಿತರ ಮನೆಯಲ್ಲಿ ಊಟ, ಎಂಟಕ್ಕೆ ಬರುತ್ತೇವೆ ಎಂದು ಮಾತು ಕೊಟ್ಟಿದ್ದೆ. ಬೆಲ್ ಗೆದ್ದಾಯಿತು, ಇನ್ನೇನು ನೋಡುವುದು? ಮಗ ಅಜ್ಜಿಯ ಹೆಡ್‌ಫೋನ್ ಹಾಕಿಕೊಂಡು ಒಂದನೇ ನಂಬರಿನ ಚಾನೆಲ್ ಕೇಳುತ್ತಿದ್ದ. ಅಪ್ಪಾ, ಇನ್ನೂ ಎರಡು ಪ್ಲೇಸ್ ಬೇಕಂತೆ, ಸಿಕ್ಕಿದರೆ ಪಾಯಿಂಟ್ ಲೆಕ್ಕದಲ್ಲಿ ಹ್ಯಾಮ್ಲಿನ್ ಔಟ್, ನಾವು ಫೈನಲ್‌ಗೆ ಇನ್ ಎಂದ. ನಾನು ಬೋರ್ಡ್ ನೋಡಿದೆ. ಚಾಸ್ಟೇನ್ ಹತ್ತನೆಯವನು. ಇಲ್ಲಿ ಒಬ್ಬನನ್ನು ಹಿಂದೆ ಹಾಕಲು ಇಪ್ಪತ್ತು ಲ್ಯಾಪ್ ಬೇಕು, ಮೂರರಲ್ಲಿ ಇಬ್ಬರನ್ನು ಎಲ್ಲಿಂದ? ಇಂಜಿನಿಯರ್ ಅಲ್ಲವೇ, ಲೆಕ್ಕ ಹಾಕಿ ಹೇಳಿದೆ: ಆಗಲ್ಲ ಕಣೋ, ಏಳು.

ತಪ್ಪು ಇಲ್ಲಿದೆ, ಚೂರು ಬಿಡಿಸಿ ಹೇಳುತ್ತೇನೆ. ಲೆಕ್ಕ ತಪ್ಪಿರಲಿಲ್ಲ. ಟ್ರ್ಯಾಕ್ ಮೇಲೆ ಓಡಿಸುವ ರೀತಿಯಲ್ಲಿ ಓಡಿಸಿದರೆ ಅದು ಸಾಧ್ಯವೇ ಇರಲಿಲ್ಲ. ಆದರೆ ನಾನು ಉಳಿಸಲು ಹೊರಟದ್ದು ಎಷ್ಟು? ಮೂರು ಲ್ಯಾಪ್, ಇಪ್ಪತ್ತಿಪ್ಪತ್ತು ಸೆಕೆಂಡು, ಒಟ್ಟು ಒಂದು ನಿಮಿಷ. ನಾಲ್ಕು ಗಂಟೆ ಹತ್ತಿರ ಕೂತವನಿಗೆ ಒಂದು ನಿಮಿಷ ಕೂರಲು ಆಗಲಿಲ್ಲ. ಊರಿನಲ್ಲಿ ಅಪ್ಪ ಬಯಲಾಟಕ್ಕೆ ಕರೆದೊಯ್ದರೆ ಮಂಗಳ ಹಾಡುವ ತನಕ ಚಾಪೆ ಮಡಚಲು ಬಿಡುತ್ತಿರಲಿಲ್ಲ, ಎಷ್ಟೇ ನಿದ್ದೆ ಬರಲಿ. ಅಂಥವರ ಮಗ ನಾನು. ನನ್ನ ಮಗ ಹೆಡ್‌ಫೋನ್ ತೆಗೆದು, ಅದರ ವೈರನ್ನು ನೀಟಾಗಿ ಸುತ್ತಿ ಅಜ್ಜಿಯ ಕೈಗೆ ಕೊಟ್ಟ. ಅಜ್ಜ ತಿರುಗಿ, ಈಗ ಹೊರಟಿರಾ ಎಂದು ಕೇಳಿದರು. ಈಗ ಎನ್ನುವ ಪದದ ಮೇಲೆ ಭಾರ ಹಾಕಿ. ನಾನು ನಕ್ಕು ಕೈ ಬೀಸಿದೆ.

ಮೆಟ್ಟಿಲಿಳಿದು ಸ್ಟ್ಯಾಂಡಿನ ಹಿಂಬದಿಗೆ ಬಂದಿದ್ದೆವು. ಕಸದ ಡಬ್ಬಿಯ ಪಕ್ಕದಲ್ಲಿದ್ದೆ, ಅದು ಚೆನ್ನಾಗಿ ನೆನಪಿದೆ. ಮೊದಲು ಒಂದು ಎಂಜಿನ್ ಸದ್ದು, ದಿನವಿಡೀ ಆ ಜಾಗದಲ್ಲಿ ಕೇಳದಿದ್ದ ಸದ್ದು. ತಿರುವಿನಲ್ಲಿ ಎಲ್ಲರೂ ಬ್ರೇಕ್ ಒತ್ತಿ ದನಿ ಇಳಿಯುತ್ತದೆ, ಇದು ಏರಿತು. ಅದರ ಹಿಂದೆಯೇ ಜನರ ಕೂಗು. ಗೆದ್ದವನಿಗೆ ಹಾಕುವ ಕೂಗು ಬೇರೆ ಇರುತ್ತದೆ, ಇದು ಅದಲ್ಲ. ಸಾವಿರಾರು ಜನ ಒಟ್ಟಿಗೆ ಅಯ್ಯೋ ಎಂದ ಹಾಗಿತ್ತು, ಆಮೇಲೆ ಅದೇ ನಗುವಾಯಿತು. ಮಗ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ.

ಆದದ್ದು ಇದು: ಕೊನೆಯ ಲ್ಯಾಪಿನಲ್ಲಿ, ಹಿಂಬದಿಯ ನೇರ ದಾರಿಯಲ್ಲಿ ಚಾಸ್ಟೇನ್ ಐದನೇ ಗೇರ್ ಹಾಕಿ, ಮೂರನೇ ತಿರುವಿನಲ್ಲಿ ಬ್ರೇಕ್ ಮುಟ್ಟದೆ, ಕಾರಿನ ಬಲ ಪಕ್ಕೆಯನ್ನು ಹೊರಗೋಡೆಗೆ ಆನಿಸಿ ಆಕ್ಸಿಲರೇಟರ್ ಒತ್ತಿ ಹಿಡಿದ. ಗೋಡೆಯೇ ಕಾರನ್ನು ತಿರುಗಿಸಿತು. ಉಳಿದವರು ತಿರುವಿನಲ್ಲಿ ನಿಧಾನವಾಗಿದ್ದಾಗ ಇವನು ಕಿಡಿ ಹಾರಿಸುತ್ತ ಐದು ಕಾರು ದಾಟಿದ. ಕೊನೆಯದು ಹ್ಯಾಮ್ಲಿನ್‌ನದು, ಗೆರೆಯ ಹತ್ತಿರ. ಲ್ಯಾಪ್ ಸಮಯ 18.845 ಸೆಕೆಂಡು. ಒಬ್ಬನೇ ಖಾಲಿ ಟ್ರ್ಯಾಕ್‌ನಲ್ಲಿ ಓಡಿಸುವ ಅರ್ಹತಾ ಸುತ್ತಿನಲ್ಲಿ ಜೋಯಿ ಲೊಗಾನೊ 2014ರಲ್ಲಿ ಮಾಡಿದ್ದ 18.898ಕ್ಕಿಂತಲೂ ಕಡಿಮೆ. ಚಿಕ್ಕವನಿದ್ದಾಗ ತಮ್ಮನ ಜತೆ ಆಡುತ್ತಿದ್ದ ವಿಡಿಯೋ ಗೇಮಿನಲ್ಲಿ ಹೀಗೆ ಮಾಡುತ್ತಿದ್ದೆ ಎಂದು ಆಮೇಲೆ ಹೇಳಿದ. ಐದನೆಯವನಾಗಿ ಬಂದವನು, ಬ್ರಾಡ್ ಕೆಸೆಲೋವ್ಸ್ಕಿಯ ಕಾರು ತೂಕ ಕಮ್ಮಿಯೆಂದು ಅನರ್ಹವಾದ ಮೇಲೆ ನಾಲ್ಕನೆಯವನಾದ. 2023ರಿಂದ ಹಾಗೆ ಮಾಡಿದವರಿಗೆ ದಂಡ ಹಾಕುತ್ತೇವೆ ಎಂದು ನಾಸ್ಕಾರ್ ಹೇಳಿತು. ಎಂದರೆ, ತಪ್ಪಿಸಿಕೊಂಡದ್ದನ್ನು ಇನ್ನೊಂದು ವರ್ಷ ಹೋಗಿ ನೋಡುತ್ತೇನೆ ಅನ್ನುವ ಹಾಗೂ ಇಲ್ಲ.

ಇದೆಲ್ಲ ನಮಗೆ ಗೊತ್ತಾದದ್ದು ಹುಲ್ಲುಗಾವಲಿನ ಪಾರ್ಕಿಂಗ್‌ನಲ್ಲಿ, ಫೋನಿನ ಮೇಲೆ ಆ ವಿಡಿಯೋದ ಚಕ್ರ ತಿರುಗಿ ತಿರುಗಿ ಕೊನೆಗೂ ತೆರೆದುಕೊಂಡಾಗ. ಮಗ ಅದನ್ನು ಹದಿನಾಲ್ಕು ಸಲ ನೋಡಿದ, ನಾನು ಎಣಿಸಿದೆ. ಎಣಿಸಲು ಪುರುಸೊತ್ತಿತ್ತು, ಯಾಕೆಂದರೆ ಮುಕ್ಕಾಲು ಗಂಟೆ ಕಾರು ಅಲ್ಲಾಡಲಿಲ್ಲ. ನನ್ನ ಹಾಗೆ ಬುದ್ಧಿವಂತರು ಎಲ್ಲರೂ ಗೇಟಿನ ಹತ್ತಿರ ಸೇರಿದ್ದೆವು. ಊಟಕ್ಕೆ ತಲುಪಿದಾಗ ಒಂಬತ್ತೂವರೆ.

ಹಾಗಾಗಿ ಎಷ್ಟು ಲ್ಯಾಪ್ ಇರುವಾಗ ಏಳಬೇಕು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏಳಬೇಡಿ. ಟ್ರಾಫಿಕ್ ಹೇಗೂ ಸಿಗುತ್ತದೆ. ಡಿಕ್ಕಿಯಲ್ಲಿ ಎರಡು ಮಡಚುವ ಕುರ್ಚಿ, ಒಂದು ಡಬ್ಬಿ ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಳ್ಳಿ. ಹುಲ್ಲಿನ ಮೇಲೆ ಕೂತು ತಿನ್ನುತ್ತಿದ್ದರೆ ಪಕ್ಕದ ಕಾರಿನವರು ತಾವಾಗಿಯೇ ಬಂದು ಇವತ್ತಿನ ಯಾವ ಪಿಟ್ ಸ್ಟಾಪ್ ಯಾರನ್ನು ಕೆಡಿಸಿತು ಎಂದು ಶುರುಮಾಡುತ್ತಾರೆ.

ನಾವು ಆಮೇಲೂ ಹೋಗುತ್ತಿದ್ದೇವೆ. ಟಿಕೆಟ್ ಸ್ಕ್ಯಾನ್ ಆದ ಕೂಡಲೇ ಮಗ ನನ್ನ ಮುಂದೆ ಅಂಗೈ ಚಾಚುತ್ತಾನೆ. ಕಾರಿನ ಕೀಲಿ ಅವನ ಜೇಬಿಗೆ ಹೋಗುತ್ತದೆ. ಕೊನೆಯ ಕಾರು ನಿಂತು ಎಂಜಿನ್ ಆರಿಸಿದ ಮೇಲೆ ವಾಪಸ್ ಕೊಡುತ್ತಾನೆ.